ಸಂಬಳ ಕ್ಲಬ್ಬಿನದು, ಜೆರ್ಸಿ ದೇಶದ್ದು, ಮೈ ಮಾತ್ರ ಆಟಗಾರನದು

2025ರ ಅಕ್ಟೋಬರಿನಲ್ಲಿ ರಗ್ಬಿ ಯೂನಿಯನ್ ಆಟದ ಎಂಟು ರಾಷ್ಟ್ರೀಯ ಒಕ್ಕೂಟಗಳು ಜಂಟಿ ಹೇಳಿಕೆಯೊಂದನ್ನು ಹೊರಡಿಸಿದವು. ನ್ಯೂಜಿಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್, ಫ್ರಾನ್ಸ್, ಇಟಲಿ. ಮೈದಾನದಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಇವರೆಲ್ಲ ಅಪರೂಪಕ್ಕೆ ಒಂದೇ ದನಿಯಲ್ಲಿ ಹೇಳಿದ್ದಿಷ್ಟು: ಆರ್360 ಎಂಬ ಹೊಸ ಖಾಸಗಿ ಲೀಗಿಗೆ ಸೇರುವ ಆಟಗಾರರನ್ನು ರಾಷ್ಟ್ರೀಯ ತಂಡಕ್ಕೆ ಪರಿಗಣಿಸುವುದಿಲ್ಲ. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಮೈಕ್ ಟಿಂಡಲ್ ಮುಂದೆ ನಿಂತು ಕಟ್ಟುತ್ತಿದ್ದ ಈ ಲೀಗ್, ದೇಶದಿಂದ ದೇಶಕ್ಕೆ ಸಂಚರಿಸುತ್ತ ಪಂದ್ಯ ನಡೆಸುವ ಯೋಜನೆಯೊಂದಿಗೆ 2026ರಲ್ಲಿ ಆರಂಭವಾಗಬೇಕಿತ್ತು. ಹೇಳಿಕೆ ಹೊರಬಿದ್ದ ಮರುತಿಂಗಳೇ ಅದು 2028ಕ್ಕೆ ಮುಂದೂಡಲ್ಪಟ್ಟಿತು.

ದೂರದಿಂದ ನೋಡಿದರೆ ಇದು ಸಾಮಾನ್ಯ ಶಿಸ್ತುಕ್ರಮ. ಹತ್ತಿರದಿಂದ ನೋಡಿದರೆ ಅಷ್ಟೇ ವಿಚಿತ್ರ. ಇಂಗ್ಲೆಂಡಿನ ಅಥವಾ ಫ್ರಾನ್ಸಿನ ಆಟಗಾರನಿಗೆ ತಿಂಗಳು ತಿಂಗಳು ಸಂಬಳ ಕೊಡುವುದು ಒಕ್ಕೂಟವಲ್ಲ, ಕ್ಲಬ್. ವರ್ಷದ ಬಹುಪಾಲು ಪಂದ್ಯಗಳನ್ನು ಅವನು ಆಡುವುದು ಕ್ಲಬ್ಬಿಗಾಗಿ. ಆದರೆ ಅವನು ಮುಂದೆ ಎಲ್ಲಿ ಕೆಲಸ ಹಿಡಿಯಬಹುದು, ಎಲ್ಲಿ ಹಿಡಿಯಬಾರದು ಎಂದು ಕಣ್ಣು ಕೆಂಪಗೆ ಮಾಡುವ ಅಧಿಕಾರ ಒಕ್ಕೂಟದ್ದು. ವೃತ್ತಿಪರ ರಗ್ಬಿ ಆಟಗಾರನ ಬದುಕಿನ ಬಹುತೇಕ ಗೋಜಲುಗಳ ಬೇರು ಇಲ್ಲಿದೆ. ಅವನಿಗೆ ಯಜಮಾನರು ಇಬ್ಬರು. ಪೂರ್ತಿ ಹೊಣೆ ಹೊತ್ತವರು ಮಾತ್ರ ಯಾರೂ ಇಲ್ಲ.

ಈ ಆಟದಲ್ಲಿ ಕೂಲಿಯ ಜಗಳ ಹೊಸದಲ್ಲ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಒಕ್ಕೂಟದಿಂದ ಹೊರನಡೆದದ್ದೇ ಇದೇ ಕಾರಣಕ್ಕೆ. ಗಣಿಯಲ್ಲೋ ಗಿರಣಿಯಲ್ಲೋ ದುಡಿಯುವವನು ಶನಿವಾರ ಆಡಲು ಹೋದರೆ ಅವತ್ತಿನ ಕೂಲಿ ತಪ್ಪುತ್ತಿತ್ತು. ಅದನ್ನು ತುಂಬಿಕೊಡಲು ಬಿಡಿ ಎಂದರೆ ದಕ್ಷಿಣದ ಸಿರಿವಂತರು ಒಪ್ಪಲಿಲ್ಲ. ಹೊರಟವರ ಆಟ ಮುಂದೆ ಹದಿಮೂರು ಮಂದಿಯ ರಗ್ಬಿ ಲೀಗ್ ಆಯಿತು. ಉಳಿದ ಹದಿನೈದು ಮಂದಿಯ ಆಟ, ಅಂದರೆ ರಗ್ಬಿ ಯೂನಿಯನ್, ಇನ್ನೂ ನೂರು ವರ್ಷ ದುಡ್ಡು ಮುಟ್ಟದ ಸಭ್ಯರ ಆಟವಾಗಿ ಉಳಿಯಿತು. ಕಾಗದದ ಮೇಲೆ ಎಂದು ಸೇರಿಸಬೇಕು. ಬೂಟಿನೊಳಗೆ ನೋಟು ಇಟ್ಟುಕೊಡುವ ಪದ್ಧತಿ ಎಲ್ಲರಿಗೂ ಗೊತ್ತಿದ್ದ ಗುಟ್ಟಾಗಿತ್ತು.

ಬಾಗಿಲು ತೆರೆದದ್ದು 1995ರಲ್ಲಿ. ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ ಫೈನಲ್ ನಡೆಯುವ ಹೊತ್ತಿಗೆ ದಕ್ಷಿಣ ಗೋಳಾರ್ಧದ ಮೂರು ಒಕ್ಕೂಟಗಳು ರೂಪರ್ಟ್ ಮರ್ಡೋಕ್ ಅವರ ನ್ಯೂಸ್ ಕಾರ್ಪೊರೇಷನ್ ಜೊತೆ ಹತ್ತು ವರ್ಷಕ್ಕೆ 55.5 ಕೋಟಿ ಡಾಲರಿನ ಪ್ರಸಾರ ಒಪ್ಪಂದ ಮಾಡಿಕೊಂಡವು. ಅದೇ ಸಮಯದಲ್ಲಿ ವರ್ಲ್ಡ್ ರಗ್ಬಿ ಕಾರ್ಪೊರೇಷನ್ ಎಂಬ ಪ್ರತಿಸ್ಪರ್ಧಿ ಸಂಸ್ಥೆ ಆಟಗಾರರನ್ನೇ ನೇರವಾಗಿ ಸೆಳೆಯಲು ಒಪ್ಪಂದಪತ್ರ ಹಿಡಿದು ಓಡಾಡುತ್ತಿತ್ತು. ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಳಿ ಆಟವನ್ನು ವೃತ್ತಿಪರರಿಗೆ ಮುಕ್ತಗೊಳಿಸಿತು. ಅದು ತತ್ವಕ್ಕೆ ತಲೆಬಾಗಿ ತೆಗೆದುಕೊಂಡ ತೀರ್ಮಾನವಲ್ಲ, ಆಟಗಾರರು ಕೈತಪ್ಪುತ್ತಾರೆಂಬ ದಿಗಿಲಿನಲ್ಲಿ ತೆಗೆದುಕೊಂಡದ್ದು. ಮೂವತ್ತು ವರ್ಷಗಳ ನಂತರ ಆರ್360 ಹುಟ್ಟಿಸಿದ್ದೂ ಅದೇ ದಿಗಿಲು.

ಆ ಗಡಿಬಿಡಿಯಲ್ಲಿ ಯಾರು ಮೊದಲು ಸಹಿ ಹಾಕಿಸಿಕೊಂಡರು ಎಂಬುದರ ಮೇಲೆ ಒಂದೊಂದು ದೇಶದ ವ್ಯವಸ್ಥೆ ಒಂದೊಂದು ರೀತಿಯಾಯಿತು. ನ್ಯೂಜಿಲೆಂಡಿನಲ್ಲಿ ಒಕ್ಕೂಟವೇ ಆಟಗಾರರನ್ನು ನೌಕರಿಗೆ ತೆಗೆದುಕೊಂಡಿತು. ಐರ್ಲೆಂಡಿನಲ್ಲಿ ಇವತ್ತಿಗೂ ಪ್ರಮುಖ ಆಟಗಾರರ ಒಪ್ಪಂದ ಒಕ್ಕೂಟದೊಂದಿಗೇ ಆಗುತ್ತದೆ. ಪ್ರಾಂತ ತಂಡಗಳಲ್ಲಿ ಯಾರು ಯಾವ ವಾರ ಆಡಬೇಕು, ಯಾರು ವಿಶ್ರಾಂತಿ ಪಡೆಯಬೇಕು ಎಂಬುದರಲ್ಲೂ ಅದರ ಮಾತು ನಡೆಯುತ್ತದೆ. ಇಂಗ್ಲೆಂಡಿನ ಒಕ್ಕೂಟ ಒಂದು ವರ್ಷ ಕಾದು ನೋಡೋಣ ಎಂದು ಕೈಕಟ್ಟಿ ಕುಳಿತಿತು. ಅಷ್ಟರಲ್ಲಿ ಸಿರಿವಂತರು ಕ್ಲಬ್ಬುಗಳನ್ನು ಕೊಂಡು ಆಟಗಾರರನ್ನು ಬಾಚಿಕೊಂಡರು. ಅಂದು ಕಳೆದುಕೊಂಡದ್ದನ್ನು ಆ ಒಕ್ಕೂಟ ಇಂದಿಗೂ ಕಂತಿನಲ್ಲಿ ಮರಳಿ ಕೊಳ್ಳುತ್ತಿದೆ. ಗರಿಷ್ಠ 25 ಆಟಗಾರರಿಗೆ ಕ್ಲಬ್ ಸಂಬಳದ ಜೊತೆಗೆ ತಾನೂ ಹಣ ಕೊಟ್ಟು, ಅವರ ತರಬೇತಿ ಮತ್ತು ಚಿಕಿತ್ಸೆಯ ವಿಷಯದಲ್ಲಿ ಒಂದಿಷ್ಟು ಹಿಡಿತ ಪಡೆಯುವ ಮಿಶ್ರ ಒಪ್ಪಂದ 2024ರಲ್ಲಿ ಬಂದದ್ದು ಈ ಹಿನ್ನೆಲೆಯಲ್ಲಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಅದಕ್ಕೆ ಜಾಕ್ ವಿಲಿಸ್ ಕಥೆಗಿಂತ ಒಳ್ಳೆಯ ಸಾಕ್ಷಿ ಬೇಡ. ಇಂಗ್ಲೆಂಡಿನ ಈ ಫ್ಲ್ಯಾಂಕರ್, ಅಂದರೆ ಮುಂದೆ ನಿಂತು ನೂಕುವ ಎಂಟು ಮಂದಿಯ ಗುಂಪಿನ ಅಂಚಿನ ಆಟಗಾರ, ಆಡುತ್ತಿದ್ದದ್ದು ವಾಸ್ಪ್ಸ್ ಕ್ಲಬ್ಬಿಗೆ. 2022ರ ಅಕ್ಟೋಬರಿನಲ್ಲಿ ಸಾಲದ ಹೊರೆ ತಾಳದೆ ವಾಸ್ಪ್ಸ್ ಬಾಗಿಲು ಮುಚ್ಚಿತು. ಆಟಗಾರರು, ತರಬೇತುದಾರರು, ಸಿಬ್ಬಂದಿ ಸೇರಿ 167 ಮಂದಿ ಒಂದೇ ದಿನ ಕೆಲಸ ಕಳೆದುಕೊಂಡರು. ವಿಲಿಸ್ ಫ್ರಾನ್ಸಿನ ಟುಲೂಸ್ ಸೇರಿದರು. ವಿದೇಶದಲ್ಲಿ ಆಡುವವರನ್ನು ಇಂಗ್ಲೆಂಡ್ ತಂಡಕ್ಕೆ ಆರಿಸುವುದಿಲ್ಲ ಎಂಬ ನಿಯಮಕ್ಕೆ ಆಗ ವಿನಾಯಿತಿ ಸಿಕ್ಕಿತು, ಏಕೆಂದರೆ ಕೆಲಸ ಹೋದದ್ದು ಅವರ ತಪ್ಪಿನಿಂದಲ್ಲ. 2023ರ ವಿಶ್ವಕಪ್ ತಂಡದಲ್ಲೂ ಅವರಿದ್ದರು. ಅದು ಮುಗಿಯುತ್ತಲೇ ವಿನಾಯಿತಿಯೂ ಮುಗಿಯಿತು. ತನ್ನನ್ನು ಬೀದಿಪಾಲು ಮಾಡಿದ ಲೀಗಿಗೆ ಮರಳುವುದೋ, ಕೈಹಿಡಿದ ಟುಲೂಸ್‌ನಲ್ಲೇ ಉಳಿದು ದೇಶದ ಜೆರ್ಸಿ ಬಿಡುವುದೋ? ವಿಲಿಸ್ ಟುಲೂಸ್‌ನಲ್ಲೇ ಉಳಿದರು. 2023, 2024, 2025 ಮೂರೂ ವರ್ಷ ಆ ತಂಡ ಫ್ರಾನ್ಸಿನ ಚಾಂಪಿಯನ್ ಆಯಿತು. ಅದರ ಮುಖ್ಯ ಆಟಗಾರರಲ್ಲೊಬ್ಬರು ಇಂಗ್ಲೆಂಡಿಗೆ ಮಾತ್ರ ಲೆಕ್ಕಕ್ಕಿಲ್ಲ.

ಇಂಥ ಅರ್ಹತಾ ನಿಯಮಗಳಿಗೆ ದೇಶಪ್ರೇಮದ ಬಣ್ಣ ಹಚ್ಚಲಾಗುತ್ತದೆ. ನಿಜದಲ್ಲಿ ಇದು ಸಂಬಳವನ್ನು ಕೆಳಗೆ ಹಿಡಿದಿಡುವ ಉಪಾಯ. ಜಪಾನಿನ ಕಂಪನಿ ತಂಡವೋ ಫ್ರಾನ್ಸಿನ ಕ್ಲಬ್ಬೋ ಕೊಡುವಷ್ಟು ಹಣವನ್ನು ನ್ಯೂಜಿಲೆಂಡ್ ಒಕ್ಕೂಟ ಕೊಡಲಾರದು. ಹಾಗಾಗಿ ಹಣದ ಕೊರತೆಯನ್ನು ರಾಷ್ಟ್ರೀಯ ತಂಡದ ಕಪ್ಪು ಜೆರ್ಸಿಯ ಆಸೆಯಿಂದ ತುಂಬುತ್ತದೆ. ದೇಶದೊಳಗೆ ಆಡದವನಿಗೆ ಆಲ್ ಬ್ಲ್ಯಾಕ್ಸ್ ಎಂಬ ಆ ತಂಡದಲ್ಲಿ ಜಾಗವಿಲ್ಲ ಎಂಬ ನಿಯಮ ಗಟ್ಟಿಯಾಗಿದ್ದರೂ ಅದಕ್ಕೊಂದು ಕಿಂಡಿ ಇದೆ. ದೊಡ್ಡ ಆಟಗಾರರಿಗೆ ಒಂದು ಋತುವಿನ ರಜೆ ಕೊಟ್ಟು ಹೊರಗೆ ದುಡಿದು ಬರಲು ಬಿಡುತ್ತಾರೆ. ಡಾನ್ ಕಾರ್ಟರ್ 2008–09ರಲ್ಲಿ ಹೀಗೆ ಫ್ರಾನ್ಸಿನ ಪರ್ಪಿನ್ಯಾನ್‌ಗೆ ಹೋಗಿ, ಕೆಲವೇ ಪಂದ್ಯಗಳಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಬ್ಯೂಡನ್ ಬ್ಯಾರೆಟ್ 2021ರಲ್ಲಿ ಜಪಾನಿನ ಸನ್‌ಟೋರಿಗೆ ಆಡಿ ಬಂದರು. ದಕ್ಷಿಣ ಆಫ್ರಿಕ ಮಾತ್ರ ಈ ಹಗ್ಗಜಗ್ಗಾಟವನ್ನೇ ಕೈಬಿಟ್ಟು, ಎಲ್ಲಿ ಬೇಕಾದರೂ ಆಡಿ, ಕರೆದಾಗ ಬನ್ನಿ ಎಂದಿತು. 2019, 2023ರ ಎರಡೂ ವಿಶ್ವಕಪ್ ಗೆದ್ದದ್ದು ಆ ತಂಡವೇ. ಹೊರಗೆ ಬಿಟ್ಟರೆ ತಂಡ ಹಾಳಾಗುತ್ತದೆ ಎನ್ನುವವರು ಇದಕ್ಕೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.

ವೇಲ್ಸ್‌ನಲ್ಲಿ ವಿಷಯ ಮುಷ್ಕರದ ಅಂಚಿನವರೆಗೂ ಹೋಯಿತು. 2023ರ ಫೆಬ್ರುವರಿಯಲ್ಲಿ ಒಕ್ಕೂಟಕ್ಕೂ ನಾಲ್ಕು ಪ್ರಾದೇಶಿಕ ತಂಡಗಳಿಗೂ ಹಣಕಾಸಿನ ಒಪ್ಪಂದ ಕುದುರದೆ, ಆ ಬೇಸಿಗೆಯಲ್ಲಿ ಒಪ್ಪಂದ ಮುಗಿಯಲಿದ್ದ ಹಲವರಿಗೆ ಮುಂದಿನ ವರ್ಷದ ಕೆಲಸದ ಬಗ್ಗೆ ಯಾರೂ ಖಚಿತ ಮಾತು ಕೊಡಲಿಲ್ಲ. ಯುರೋಪಿನ ಆರು ದೇಶಗಳು ವರ್ಷಕ್ಕೊಮ್ಮೆ ಆಡುವ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯ ಆಡುವುದಿಲ್ಲ ಎಂದು ಆಟಗಾರರು ಪಟ್ಟು ಹಿಡಿದ ಮೇಲೆಯೇ ಮಾತುಕತೆ ಚುರುಕಾಯಿತು. ವಿದೇಶದಲ್ಲಿ ಆಡುವವನು ವೇಲ್ಸ್‌ಗೆ ಆಡಬೇಕಾದರೆ ಅದಕ್ಕೂ ಮೊದಲು ದೇಶಕ್ಕಾಗಿ 60 ಪಂದ್ಯ ಆಡಿರಬೇಕೆಂಬ ಮಿತಿ 25ಕ್ಕೆ ಇಳಿಯಿತು. ಸಾಲ ಮಾಡಿ ಮನೆ ಕಟ್ಟಿಕೊಂಡ ಇಪ್ಪತ್ತಾರರ ಹುಡುಗನಿಗೆ ಕೆಲಸ ಗ್ಯಾರಂಟಿ ಇಲ್ಲದಿದ್ದರೂ ಗಡಿ ದಾಟಬೇಡ ಎನ್ನುತ್ತಿದ್ದ ನಿಯಮ ಅಷ್ಟು ವರ್ಷ ಉಳಿದದ್ದೇ ಆಶ್ಚರ್ಯ.

ಇಷ್ಟಕ್ಕೂ ಕ್ಲಬ್ಬುಗಳ ಕೈಯಲ್ಲಿ ಹಣವಿದೆಯೇ ಎಂದರೆ ಅದೂ ಇಲ್ಲ. 2022–23ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ಕ್ಲಬ್ ಲೀಗ್ ಆದ ಪ್ರೀಮಿಯರ್‌ಶಿಪ್ 13 ತಂಡಗಳೊಂದಿಗೆ ಆರಂಭವಾಯಿತು. ಮೊದಲು ವೂಸ್ಟರ್, ಹಿಂದೆಯೇ ವಾಸ್ಪ್ಸ್, ಋತು ಮುಗಿದ ಮೇಲೆ ಲಂಡನ್ ಐರಿಶ್. ಉಳಿದದ್ದು 10. ವೂಸ್ಟರ್‌ನಲ್ಲಿ ಆಟಗಾರರ ಒಪ್ಪಂದಗಳನ್ನು ಹಿಡಿದಿದ್ದ ಕಂಪನಿಯನ್ನೇ ಹೈಕೋರ್ಟ್ ಮುಚ್ಚಿಸಿತು. ಎಲ್ಲರ ಒಪ್ಪಂದವೂ ಆ ಗಳಿಗೆಯಲ್ಲೇ ರದ್ದು. ಒಂದು ಕ್ಲಬ್ಬಿನಲ್ಲಿ ನಲವತ್ತರ ಆಸುಪಾಸು ವೃತ್ತಿಪರರು ಇರುತ್ತಾರೆ ಎಂದುಕೊಂಡರೆ, ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಮಂದಿ ಅದೇ ಸಣ್ಣ ಮಾರುಕಟ್ಟೆಗೆ ಒಟ್ಟಿಗೆ ಬಂದು ಬಿದ್ದರು. ಉಳಿದ ಕ್ಲಬ್ಬುಗಳಿಗೆ ಅದೇ ಸುಗ್ಗಿ: ಅರ್ಧ ಬೆಲೆಗೆ ಅನುಭವಿಗಳು. ಆಸ್ಟ್ರೇಲಿಯದಲ್ಲಿ ಮೆಲ್ಬರ್ನ್ ರೆಬೆಲ್ಸ್ ತಂಡ 2024ರ ಋತುವಿನ ಕೊನೆಗೆ ಇಲ್ಲವಾಯಿತು.

ಇದೆಲ್ಲದರ ಹಿಂದೆ ಸರಳ ಲೆಕ್ಕವೊಂದಿದೆ. ದೇಶ ದೇಶಗಳ ನಡುವಿನ ಪಂದ್ಯಕ್ಕೆ ಎಂಬತ್ತು ಸಾವಿರ ಜನ ಸೇರುತ್ತಾರೆ. ಟಿವಿ ಹಣವೂ ಅಲ್ಲೇ. ಕ್ಲಬ್ ಪಂದ್ಯಕ್ಕೆ ಅಷ್ಟು ಜನ ಬರುವುದಿಲ್ಲ, ಆದರೆ ಸಂಬಳದ ಹೊರೆ ಅಲ್ಲಿದೆ. ಅಂದರೆ ಆದಾಯ ಒಬ್ಬರಲ್ಲಿ, ಖರ್ಚು ಇನ್ನೊಬ್ಬರಲ್ಲಿ. ಇಂಗ್ಲೆಂಡಿನ ಕ್ಲಬ್ಬುಗಳು ಈ ಅಂತರವನ್ನು ಮಾಲೀಕರ ಜೇಬಿನಿಂದ ತುಂಬಿದವು, ಆಮೇಲೆ 2018ರಲ್ಲಿ ಲೀಗಿನ ಶೇ 27ರಷ್ಟು ಪಾಲನ್ನು ಸಿವಿಸಿ ಎಂಬ ಹೂಡಿಕೆ ಸಂಸ್ಥೆಗೆ ಮಾರಿ ತುಂಬಿದವು. ಕೋವಿಡ್ ಬಂದಾಗ ಮೊದಲು ಕತ್ತರಿ ಬಿದ್ದದ್ದು ಸಂಬಳಕ್ಕೆ. ಒಂದು ತಂಡ ಒಟ್ಟು ಇಷ್ಟೇ ಸಂಬಳ ಕೊಡಬೇಕೆಂಬ ಮಿತಿ 64 ಲಕ್ಷ ಪೌಂಡಿನಿಂದ 50 ಲಕ್ಷಕ್ಕೆ ಇಳಿದು, 2024–25ರಲ್ಲಷ್ಟೇ ಹಳೆಯ ಮಟ್ಟಕ್ಕೆ ಮರಳಿತು. ಫ್ರಾನ್ಸ್ ಇದಕ್ಕೆ ಅಪವಾದ. ಅಲ್ಲಿ ಮೊದಲ ಹಂತದಲ್ಲಿ 14, ಎರಡನೆಯ ಹಂತದಲ್ಲಿ 16, ಒಟ್ಟು 30 ವೃತ್ತಿಪರ ಕ್ಲಬ್ಬುಗಳು. ಸಣ್ಣ ಸಣ್ಣ ಪಟ್ಟಣಗಳೂ ಕ್ರೀಡಾಂಗಣ ತುಂಬಿಸುತ್ತವೆ. ಜಗತ್ತಿನ ರಗ್ಬಿ ಆಟಗಾರರಿಗೆ ಅತಿ ದೊಡ್ಡ ಅನ್ನದಾತ ಯಾರೆಂದರೆ ಇವತ್ತು ಫ್ರಾನ್ಸ್.

ಹಾಗಾದರೆ ಈ ಮಾರುಕಟ್ಟೆಯಲ್ಲಿ ಯಾರಿಗೆ ಬೆಲೆ? ಓಡಿಹೋಗಿ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ, ಅಂದರೆ ಟ್ರೈ ಗಳಿಸಿ, ಟಿವಿಯಲ್ಲಿ ಮಿಂಚುವ ಅಂಚಿನ ಓಟಗಾರ ವಿಂಗರ್ ಎಂದು ಹೊಸ ನೋಡುಗ ಹೇಳಬಹುದು. ಕ್ಲಬ್ ನಡೆಸುವವರನ್ನು ಕೇಳಿದರೆ ಟೈಟ್‌ಹೆಡ್ ಪ್ರಾಪ್ ಎನ್ನುತ್ತಾರೆ. ಬೆನ್ನ ಮೇಲೆ 3ನೇ ಸಂಖ್ಯೆ, ನೂರಿಪ್ಪತ್ತು ಕಿಲೋ ಆಸುಪಾಸಿನ ತೂಕ, ಚೆಂಡು ಕೈಗೆ ಸಿಕ್ಕುವುದು ಅಪರೂಪ. ಸ್ಕ್ರಮ್‌ನಲ್ಲಿ ಎಂಟು ಮಂದಿ ಎಂಟು ಮಂದಿಗೆ ತಲೆ ಕೊಟ್ಟು ನೂಕುವಾಗ ಎಡಬದಿಯ ಲೂಸ್‌ಹೆಡ್ ಪ್ರಾಪ್‌ಗೆ ಒಂದು ಭುಜ ಬಿಡುವಾಗಿರುತ್ತದೆ. ಬಲಬದಿಯ ಟೈಟ್‌ಹೆಡ್‌ಗೆ ಆ ಭಾಗ್ಯವಿಲ್ಲ. ಅವನ ತಲೆ ಎದುರಾಳಿ ಸಾಲಿನ ನಡುವೆ ನಿಲ್ಲುವ ಹುಕ್ಕರ್ ಮತ್ತು ಲೂಸ್‌ಹೆಡ್ ನಡುವೆ ಸಿಕ್ಕಿಕೊಂಡು, ಎರಡೂ ಭುಜಗಳ ಮೇಲೆ ಒಬ್ಬೊಬ್ಬರ ಭಾರ ಬೀಳುತ್ತದೆ. ಹಿಂದಿನಿಂದ ತನ್ನದೇ ತಂಡದವರ ನೂಕು. ಬೆನ್ನು ಒಂದಿಷ್ಟು ಬಾಗಿದರೆ ಇಡೀ ಸ್ಕ್ರಮ್ ಕುಸಿದು ಪೆನಾಲ್ಟಿ. ಉಜ್ಜಿ ಉಜ್ಜಿ ಊದಿ ಗಟ್ಟಿಯಾದ ಕಿವಿ ಈ ಕಸುಬಿನ ಗುರುತು. ಈ ವಿದ್ಯೆ ಇಪ್ಪತ್ತರಲ್ಲಿ ಕೈಗೂಡುವುದಿಲ್ಲ, ಹಾಗಾಗಿ ಪ್ರಾಪ್‌ಗಳು ತಡವಾಗಿ ಮಾಗಿ, ತಡವಾಗಿ ನಿಲ್ಲಿಸುತ್ತಾರೆ. ಅದರ ಮೇಲೆ ನಿಯಮದ ಬಲವೂ ಇದೆ. 23 ಮಂದಿಯ ಪಂದ್ಯ ತಂಡದಲ್ಲಿ ಮುಂಚೂಣಿ ಸಾಲಿಗೆ ತರಬೇತಾದವರು ಆರು ಮಂದಿ ಇರಲೇಬೇಕು. ಅನುಭವವಿಲ್ಲದವನು ಅಲ್ಲಿ ನಿಂತರೆ ಕುತ್ತಿಗೆ ಮುರಿಯುವ ಅಪಾಯ. ವಿಂಗರ್‌ಗೆ ಇಂಥ ಮೀಸಲಾತಿ ಇಲ್ಲ. ವೇಗ ಹತ್ತರಲ್ಲಿ ಒಂದು ಪಾಲು ತಗ್ಗಿದರೂ ಅವನ ಜಾಗಕ್ಕೆ ಹತ್ತೊಂಬತ್ತರ ಹುಡುಗ ಕಾದಿರುತ್ತಾನೆ.

ಆ ಹತ್ತೊಂಬತ್ತರ ಹುಡುಗನ ದಾರಿಯೇನೂ ಹೂವಿನದಲ್ಲ. ಅಕಾಡೆಮಿಯಲ್ಲಿ ಸಣ್ಣ ಭತ್ಯೆ, ಎರಡು ಮೂರು ವರ್ಷದಲ್ಲಿ ತೀರ್ಮಾನ, ಬಹಳಷ್ಟು ಮಂದಿಗೆ ನಯವಾದ ಬೀಳ್ಕೊಡುಗೆ. ದಾಟಿದವನಿಗೆ ಇಪ್ಪತ್ತೈದರಿಂದ ಮೂವತ್ತರವರೆಗೆ ಗಳಿಕೆಯ ಕಾಲ. ಮೂವತ್ತು ದಾಟಿದರೆ ಒಪ್ಪಂದಗಳು ವರ್ಷ ವರ್ಷದ ಲೆಕ್ಕಕ್ಕೆ ಬರುತ್ತವೆ. ಐರ್ಲೆಂಡಿನ ಜಾನಿ ಸೆಕ್ಸ್‌ಟನ್ 38ರವರೆಗೆ ಆಡಿದರು, ಆಲನ್ ವಿನ್ ಜೋನ್ಸ್ ವೇಲ್ಸ್‌ಗೇ 158 ಪಂದ್ಯ ಆಡಿದರು. ಆದರೆ ಇವರನ್ನು ನೋಡಿ ವೃತ್ತಿಯ ಉದ್ದ ಅಳೆಯುವುದು ಶತಾಯುಷಿಯನ್ನು ನೋಡಿ ವಿಮೆ ಬೇಡ ಎಂದಂತೆ. 2013 ಮತ್ತು 2017ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಲಯನ್ಸ್ ತಂಡದ ನಾಯಕರಾಗಿದ್ದ ಸ್ಯಾಮ್ ವಾರ್ಬರ್ಟನ್, ಕುತ್ತಿಗೆ ಮತ್ತು ಮೊಣಕಾಲಿನ ಶಸ್ತ್ರಚಿಕಿತ್ಸೆಗಳ ನಂತರ ಮೈ ಒಪ್ಪದೆ 29ಕ್ಕೇ ನಿಲ್ಲಿಸಿದರು.

ಪೆಸಿಫಿಕ್ ದ್ವೀಪಗಳಿಂದ ಬಂದವರ ಸ್ಥಿತಿ ಇನ್ನೂ ಬಿಗಿ. ಫಿಜಿ, ಸಮೋವಾ, ಟೋಂಗಾದ ಆಟಗಾರನ ಸಂಬಳದಲ್ಲಿ ಊರಿನ ದೊಡ್ಡ ಕುಟುಂಬಕ್ಕೂ ಪಾಲು. ಅಂತರರಾಷ್ಟ್ರೀಯ ಪಂದ್ಯಗಳ ಕಾಲದಲ್ಲಿ ಕ್ಲಬ್ ಆಟಗಾರನನ್ನು ಬಿಟ್ಟುಕೊಡಲೇಬೇಕೆಂದು ನಿಯಮವಿದ್ದರೂ, ಹೋಗಬೇಡ ಎಂಬ ಮೆಲುದನಿಯ ಒತ್ತಡದ ದೂರು ಹಳೆಯದು. ಒಂದು ಸುಧಾರಣೆಯನ್ನು ಮಾತ್ರ ಮೆಚ್ಚಬೇಕು. ಒಂದು ದೇಶಕ್ಕೆ ಆಡಿದವನು ಮೂರು ವರ್ಷ ಅಂತರರಾಷ್ಟ್ರೀಯ ಪಂದ್ಯದಿಂದ ಹೊರಗಿದ್ದರೆ, ತಾನೋ ತಂದೆತಾಯಿಯೋ ಅಜ್ಜ ಅಜ್ಜಿಯೋ ಹುಟ್ಟಿದ ದೇಶಕ್ಕೆ ಒಮ್ಮೆ ಬದಲಾಗಬಹುದೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ನ್ಯೂಜಿಲೆಂಡಿಗೆ ಆಡಿದ್ದ ಚಾರ್ಲ್ಸ್ ಪಿಯುಟಾವು ಟೋಂಗಾಗೆ ಆಡಿದ್ದು ಹೀಗೆ.

ಮಹಿಳೆಯರ ವೃತ್ತಿಪರ ರಗ್ಬಿಗೆ ಇನ್ನೂ ಹತ್ತು ವರ್ಷವೂ ತುಂಬಿಲ್ಲವೆಂದೇ ಹೇಳಬಹುದು. ಇಂಗ್ಲೆಂಡ್ 28 ಆಟಗಾರ್ತಿಯರಿಗೆ ಪೂರ್ಣಾವಧಿ ಒಪ್ಪಂದ ಕೊಟ್ಟದ್ದು 2019ರಲ್ಲಿ. 2025ರ ವಿಶ್ವಕಪ್ ಫೈನಲ್‌ಗೆ ಲಂಡನ್ನಿನ ಟ್ವಿಕನಮ್‌ನಲ್ಲಿ 81,885 ಮಂದಿ ಸೇರಿದ್ದರು. ಕೆನಡಾವನ್ನು ಇಂಗ್ಲೆಂಡ್ 33–13ರಿಂದ ಸೋಲಿಸಿತು. ಫೈನಲ್ ಮುಟ್ಟಿದ ಆ ಕೆನಡಾ ತಂಡದ ಸಿದ್ಧತೆಗೆ ಹಣ ಸಾಲದೆ ಹತ್ತು ಲಕ್ಷ ಡಾಲರನ್ನು ಸಾರ್ವಜನಿಕ ದೇಣಿಗೆಯಿಂದ ಎತ್ತಬೇಕಾಗಿ ಬಂದಿತ್ತು. ಕ್ರೀಡಾಂಗಣ ತುಂಬಿದ ಮಾತ್ರಕ್ಕೆ ಆಡುವವರ ಹೊಟ್ಟೆಪಾಡು ನಡೆಯುತ್ತದೆಂದು ನಂಬುವವರು ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು.

ಇನ್ನು ದೇಹದ ಮಾತು. ಇಬ್ಬರು ಯಜಮಾನರ ವ್ಯವಸ್ಥೆ ಅತಿ ಹೆಚ್ಚು ಕೆಡುಕು ಮಾಡಿದ್ದು ಇಲ್ಲಿ ಎಂಬುದು ನನ್ನ ಅನಿಸಿಕೆ. ಕ್ಲಬ್ಬಿಗೆ ತಾನು ಕೊಟ್ಟ ಸಂಬಳ ವಸೂಲಾಗಬೇಕು, ಒಕ್ಕೂಟಕ್ಕೆ ತನ್ನ ಟೂರ್ನಿ ಗೆಲ್ಲಬೇಕು. ಎರಡರ ನಡುವೆ ವಿಶ್ರಾಂತಿಗೆ ಯಾರ ವಾರವನ್ನು ಬಿಡುವುದು? 2021ರಲ್ಲಿ ಜಗತ್ತಿನ ರಗ್ಬಿಯನ್ನು ಆಳುವ ವರ್ಲ್ಡ್ ರಗ್ಬಿ ಸಂಸ್ಥೆಯೂ ಅಂತರರಾಷ್ಟ್ರೀಯ ಆಟಗಾರರ ಸಂಘವೂ ಸೇರಿ, ಅಭ್ಯಾಸದಲ್ಲಿ ಪೂರ್ಣ ಬಲದ ಮೈ ತಾಗಾಟ ವಾರಕ್ಕೆ 15 ನಿಮಿಷ ಮೀರದಿರಲಿ ಎಂದವು. ಒಳ್ಳೆಯ ಮಾತು. ಆದರೆ ಅದು ಮಾರ್ಗಸೂಚಿ. ಗಡಿಯಾರ ಹಿಡಿದು ನಿಲ್ಲುವವರು ಅದೇ ತಂಡದ ನೌಕರರು.

ತಲೆಗೆ ಬೀಳುವ ಪೆಟ್ಟಿನ ವಿಷಯದಲ್ಲಿ ಆಟ ನಡೆದು ಬಂದ ದಾರಿ ನೋಡಿದರೆ ಮೈ ಜುಮ್ಮೆನ್ನುತ್ತದೆ. 2012ರಲ್ಲಿ ಪ್ರಯೋಗಕ್ಕೆ ಬಂದ ತಪಾಸಣೆಗೆ ಇದ್ದದ್ದು ಐದು ನಿಮಿಷ. 2013ರಲ್ಲಿ ಲಯನ್ಸ್ ವಿರುದ್ಧದ ಮೂರನೇ ಟೆಸ್ಟ್‌ನಲ್ಲಿ ಆಸ್ಟ್ರೇಲಿಯದ ಜಾರ್ಜ್ ಸ್ಮಿತ್ ತಲೆಗೆ ತಲೆ ಬಡಿದು ನಿಲ್ಲಲಾರದೆ ಹೊರಹೋಗಿ, ಕೆಲವೇ ನಿಮಿಷಗಳಲ್ಲಿ ಮರಳಿ ಆಡಲಿಳಿದದ್ದನ್ನು ಜಗತ್ತು ನೇರಪ್ರಸಾರದಲ್ಲಿ ನೋಡಿತು. ಇಂದು ತಪಾಸಣೆಗೆ 12 ನಿಮಿಷ, ತಂಡಗಳೊಂದಿಗೆ ನಂಟಿಲ್ಲದ ವೈದ್ಯರು, 2024ರಿಂದ ಪೆಟ್ಟಿನ ಬಲವನ್ನು ಅಳೆದು ಮೈದಾನದ ಅಂಚಿಗೆ ತಿಳಿಸುವ ಸಂವೇದಕವಿರುವ ದಂತಕವಚ. ಇವೆಲ್ಲ ನಿಜವಾದ ಸುಧಾರಣೆಗಳೇ. ಆದರೆ ಒಪ್ಪಂದದ ಕೊನೆಯ ವರ್ಷದಲ್ಲಿರುವ ಆಟಗಾರ ತಲೆನೋವನ್ನು ಬಾಯಿಬಿಟ್ಟು ಹೇಳುತ್ತಾನೆಯೇ? ಹೇಳಿದರೆ ಹನ್ನೆರಡು ದಿನ ಹೊರಗೆ ಕೂರಬೇಕಾಗಬಹುದು. ಅಷ್ಟರಲ್ಲಿ ಅವನ ಜಾಗಕ್ಕೆ ಬಂದವನು ಚೆನ್ನಾಗಿ ಆಡಿಬಿಟ್ಟರೆ? ಯಾವ ಸಂವೇದಕವೂ ಅಳೆಯದ ಬಲ ಅದು.

ವೃತ್ತಿಪರ ಯುಗದ ಮೊದಲ ಪೀಳಿಗೆ ಈಗ ಐವತ್ತರ ಆಸುಪಾಸಿನಲ್ಲಿದೆ. 2003ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಹುಕ್ಕರ್ ಆಗಿದ್ದ ಸ್ಟೀವ್ ಥಾಂಪ್ಸನ್ ತಮಗೆ ಮರೆಗುಳಿತನದ ಕಾಯಿಲೆ ಇದೆಯೆಂದು 2020ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿದಾಗ ಅವರಿಗೆ 42. ಆ ಕಪ್ ಗೆದ್ದದ್ದೇ ತಮಗೆ ನೆನಪಿಲ್ಲ ಎಂದರು. ನ್ಯೂಜಿಲೆಂಡಿನ ಪ್ರಾಪ್ ಕಾರ್ಲ್ ಹೇಮನ್, ವೇಲ್ಸ್‌ನ ಮಾಜಿ ನಾಯಕ ರಯಾನ್ ಜೋನ್ಸ್ ಕೂಡ ಇಂಥದೇ ರೋಗನಿರ್ಣಯವನ್ನು ಹೇಳಿಕೊಂಡರು. ಸ್ಕಾಟ್ಲೆಂಡಿನ 412 ಮಾಜಿ ಅಂತರರಾಷ್ಟ್ರೀಯ ಆಟಗಾರರ ಬಗ್ಗೆ ಗ್ಲಾಸ್ಗೋ ವಿಶ್ವವಿದ್ಯಾಲಯ 2022ರಲ್ಲಿ ಪ್ರಕಟಿಸಿದ ಅಧ್ಯಯನ, ನರಕೋಶಗಳು ನಶಿಸುವ ಕಾಯಿಲೆಗಳ ಅಪಾಯ ಅವರಲ್ಲಿ ಸಾಮಾನ್ಯರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದಿತು.

ಲಂಡನ್ನಿನ ಹೈಕೋರ್ಟಿನಲ್ಲಿ ನೂರಾರು ಮಾಜಿ ಆಟಗಾರರು ಹೂಡಿರುವ ದಾವೆಯಲ್ಲಿ ಪ್ರತಿವಾದಿಗಳು ಮೂವರು: ವರ್ಲ್ಡ್ ರಗ್ಬಿ, ಇಂಗ್ಲೆಂಡ್ ಒಕ್ಕೂಟ, ವೇಲ್ಸ್ ಒಕ್ಕೂಟ. ವಾರ ವಾರ ಆಡಿಸಿ ಸಂಬಳ ಕೊಟ್ಟ ಕ್ಲಬ್ಬುಗಳು ಆ ಪಟ್ಟಿಯಲ್ಲಿಲ್ಲ. ಆಟಗಾರ ನನ್ನವನು ಎಂದು ಹಕ್ಕು ಸಾಧಿಸುವಾಗ ಇಬ್ಬರಿದ್ದರು. ಅವನ ಮಿದುಳಿನ ಲೆಕ್ಕ ಒಪ್ಪಿಸುವಾಗ ಯಾರ ಹೊಣೆ ಎಷ್ಟು ಎಂಬುದಕ್ಕೆ ನ್ಯಾಯಾಲಯಕ್ಕೇ ಹೋಗಬೇಕಾಯಿತು. ಕೆಲವು ದೇಶಗಳಲ್ಲಿ ಮಾಜಿ ಆಟಗಾರರಿಗಾಗಿ ಮಿದುಳು ಆರೋಗ್ಯ ಸೇವೆ ಆರಂಭವಾಗಿರುವುದು ಸರಿಯಾದ ಹೆಜ್ಜೆ. ಆದರೆ ಅದು ದಾನದ ರೂಪದಲ್ಲಿರಬಾರದು. ಯಾರ ಪಂದ್ಯದಲ್ಲಿ ಪೆಟ್ಟು ಬಿದ್ದರೂ ನಿವೃತ್ತಿಯ ನಂತರದ ತಪಾಸಣೆ ಮತ್ತು ಆರೈಕೆಯ ವೆಚ್ಚವನ್ನು ಪ್ರಸಾರದ ಹಣದಿಂದ, ಉಳಿದೆಲ್ಲ ಹಂಚಿಕೆಗಿಂತ ಮೊದಲೇ ತೆಗೆದಿಡಬೇಕೆಂದು ಆಟಗಾರರ ಸಂಘಗಳು ಪಟ್ಟು ಹಿಡಿಯಬೇಕು. ಸಿಕ್ಸ್ ನೇಷನ್ಸ್ ಟೂರ್ನಿಯ ಶೇ 14.3ರಷ್ಟು ಪಾಲಿಗೆ 36.5 ಕೋಟಿ ಪೌಂಡ್‌ವರೆಗೆ ಬೆಲೆ ಕುದುರಿಸಿ ಮಾರಲು 2021ರಲ್ಲಿ ಬಲ್ಲವರಾಗಿದ್ದ ಒಕ್ಕೂಟಗಳಿಗೆ ಈ ಲೆಕ್ಕ ಹಾಕುವುದು ಅಷ್ಟೇನೂ ಕಷ್ಟವಲ್ಲ.